ಕುಕ್ಕಿದ ಲೋಟ

ಸಪ್ಲೈಯರ್ ನೀರಿನ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ನೀರು ಹನುಮಂತಯ್ಯನವರ ಪಂಚೆಗೆ ಬಿತ್ತು. ಒರೆಸುವ ಬಟ್ಟೆ ಹಾಗಿರಲಿ, ಒಂದು ‘ಸಾರಿ’ ಕೂಡ ಇಲ್ಲ. ಏನು ಬೇಕು ಎಂದು ಕೇಳಿದವನು ಉತ್ತರ ಮುಗಿಯುವ ಮೊದಲೇ ಹೊರಟುಹೋದ. ಎದುರಿಗೆ ಕೂತಿದ್ದ ಮೊಮ್ಮಗಳು ಭೂಮಿಕಾಳ ಮೂಗಿನ ತುದಿ ಕೆಂಪಾಯಿತು.

ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಹಳೆಯ ಹೋಟೆಲು. ಬೆಳಿಗ್ಗೆ ಅಮೃತಾಪುರದಿಂದ ಬಂದು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು, ಹಸಿವಾಗಿ ಒಳಗೆ ನುಗ್ಗಿದ್ದರು. ಡಾಕ್ಟರು ಹಾಕಿದ ಡ್ರಾಪ್ಸಿನ ಮಬ್ಬು ಇನ್ನೂ ಇಳಿದಿರಲಿಲ್ಲ. ಹನುಮಂತಯ್ಯನವರಿಗೆ ಜಗತ್ತನ್ನು ಹಾಲಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಟ್ಯೂಬ್‌ಲೈಟಿನ ಸುತ್ತ ಪ್ರಭಾವಳಿ, ಓಡಾಡುವ ಜನಕ್ಕೆ ಅಂಚಿಲ್ಲ, ಯಾರಿಗೂ ಮುಖವಿಲ್ಲ.

ಮುಖ ಕಾಣದ್ದೇ ಕಷ್ಟವಾಗಿತ್ತು. ಎಪ್ಪತ್ತೆರಡು ವರ್ಷದಲ್ಲಿ ಅವರು ಪುಸ್ತಕಕ್ಕಿಂತ ಹೆಚ್ಚು ಮುಖಗಳನ್ನೇ ಓದಿದ್ದರು. ನೀರು ಕೊಡುವವನ ಹುಬ್ಬು ನೋಡಿದರೆ ಸಾಕು, ತಾನು ಯಾವ ಕೇರಿಯವನೆಂದು ಇವನಿಗೆ ಗೊತ್ತಿದೆಯೋ ಇಲ್ಲವೋ ಹೇಳಬಲ್ಲರು. ಇವತ್ತು ಲೋಟದ ಸದ್ದು ಮಾತ್ರ ಸಿಕ್ಕಿತ್ತು. ಇದು ಬರೀ ಒರಟುತನವೋ, ಆ ಹಳೆಯದೋ? ಕೇಳುವುದಾದರೂ ಯಾರನ್ನು?

ಅರವತ್ತು ವರ್ಷದಿಂದ ಈ ಹೋಟೆಲಿನ ಮುಂದೆ ಓಡಾಡಿದ್ದರೂ ಅವರು ಒಳಗೆ ಕಾಲಿಟ್ಟದ್ದು ಇವತ್ತೇ. ಭೂಮಿಕಾಳಿಗೆ ಅದು ಗೊತ್ತಿಲ್ಲ. ಹತ್ತಿರ ಕಂಡಿತೆಂದು ಕೈ ಹಿಡಿದು ಕರೆತಂದಿದ್ದಳು. ಈಗ ತಮ್ಮ ನಂತರ ಬಂದವರ ಟೇಬಲ್ಲಿಗೆ ಇಡ್ಲಿ ಹೋದದ್ದನ್ನು ನೋಡಿ ಕುದಿಯುತ್ತಿದ್ದಳು.

ಹನುಮಂತಯ್ಯನವರು ಬಾಗಿಲ ಕಡೆ ನೋಡಿದರು. ಬಿಸಿಲು ಬೆಳ್ಳಗೆ ಕರಗಿ ತುಂಬಿಕೊಂಡಿತ್ತು. ಅದರ ನಡುವೆ ಅಪ್ಪ ಮುದ್ದಪ್ಪ ನಿಂತಿದ್ದ. ಟವೆಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಚೂರು ಬಗ್ಗಿ, ಹೊಸ್ತಿಲಿಂದ ಒಂದು ಮಾರು ಆಚೆ. ಕಿಟಕಿಯ ಹೊರಗೆ ಮೊಳೆಗೆ ನೇತುಹಾಕಿದ್ದ ಬೇರೆ ಲೋಟವನ್ನು ತೆಗೆದುಕೊಂಡು ಹಿಡಿದ. ಮೇಲಿನಿಂದ ಕಾಫಿ ಸುರಿಯಿತು. ಒಂದು ಹನಿ ಚೆಲ್ಲದ ಹಾಗೆ ಹಿಡಿದು, ಕೊನೆಯ ಗುಟುಕನ್ನು ಮಗನಿಗೆ ಕುಡಿಸಿ, ಲೋಟ ತೊಳೆದು ಮತ್ತೆ ಮೊಳೆಗೆ ಹಾಕಿದ. ಒಳಗಿದ್ದವರು ಯಾರೂ ನಗಲಿಲ್ಲ, ಬೈಯಲಿಲ್ಲ. ಎಲ್ಲವೂ ಬಹಳ ಮರ್ಯಾದೆಯಿಂದಲೇ ನಡೆಯಿತು.

ಅಪ್ಪ ಈಗಲೂ ಆ ಬೆಳಕಿನಲ್ಲಿ ಕಾಯುತ್ತಿರುವಂತಿತ್ತು. ಒಳಗೆ ಬಾ ಅನ್ನಬೇಕೆಂದು ಹನುಮಂತಯ್ಯನವರ ಬಾಯಿಗೆ ಬಂತು. ತನಗೆ ಲೋಟ ಕುಕ್ಕಿದ್ದು ಯಾಕೆಂದೇ ಗೊತ್ತಿಲ್ಲದೆ ಅಪ್ಪನನ್ನು ಏನೆಂದು ಕರೆಯುವುದು?

ಅಷ್ಟರಲ್ಲಿ ಹಿಂದಿನ ಟೇಬಲ್ಲಿಗೆ ಯಾರೋ ಬಂದು ಕೂತರು. ಕೆಮ್ಮಿದ್ದು ಕೇಳಿದರೆ ಸಾಕಿತ್ತು, ಊರಿನ ಶಾನುಭೋಗರ ಮನೆಯ ಲಕ್ಷ್ಮೀಪತಿಯವರು. ಅಪ್ಪ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ದಾಟುತ್ತಿದ್ದದ್ದು ಅವರ ಮನೆಯ ಮುಂದೆ. ಹನುಮಂತಯ್ಯನವರು ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಸಪ್ಲೈಯರನ ಚಪ್ಪಲಿ ಸದ್ದು ಬಂತು, ನಿಂತಿತು.

ಲೋಟ ಕುಕ್ಕಿದ. ಅದೇ ಸದ್ದು. ನೀರು ಚೆಲ್ಲಿದ್ದೂ ಅಷ್ಟೇ ಇರಬೇಕು.

“ಪಂಚೆಯೆಲ್ಲ ನೆಂದೋಯ್ತಲ್ಲಯ್ಯ. ಯಾರು ಕೂತಿದಾರೆ ಅಂತ ನೋಡೋದಿಲ್ವಾ?”

“ಯಾರಾದ್ರೇನ್ರೀ. ಏನ್ ಬೇಕು, ಬೇಗ ಹೇಳಿ.”

ಹನುಮಂತಯ್ಯನವರ ಭುಜ ಅಲುಗತೊಡಗಿತು. ತಾತ ಅಳುತ್ತಿದ್ದಾರೆಂದು ಭೂಮಿಕಾ ಹೆದರಿದಳು, ಆಮೇಲೆ ನೋಡಿದರೆ ನಗು. ಇಷ್ಟು ಸಂತೋಷವಾಗಿ ಅವರಿಗೆ ಎಷ್ಟೋ ವರ್ಷವಾಗಿತ್ತು. ಅವಳು ಮಾತ್ರ ಎದ್ದುನಿಂತಳು. ಗಲ್ಲಾದಲ್ಲಿ ಕೂತವರಿಗೆ ಹೇಳಿಯೇ ಬರುತ್ತೇನೆ, ಮನುಷ್ಯರನ್ನು ನೋಡಿಕೊಳ್ಳುವ ರೀತಿಯೇ ಇದು ಎಂದಳು.

“ಬೈಯೋದು ಬೈಯವ್ವ, ನಾನೇನ್ ಬ್ಯಾಡ ಅನ್ನಲ್ಲ,” ಅಂದು ಅವಳ ಕೈ ಹಿಡಿದರು. “ಒಂದ್ ಗಳಿಗೆ ತಡಿ.”

ಬೆಂಚಿನ ಮೇಲೆ ಒಂದಾಳಿಗೆ ಜಾಗವಾಗುವಷ್ಟು ಪಕ್ಕಕ್ಕೆ ಸರಿದು ಕೂತರು. ಬಾಗಿಲಿನ ಬೆಳಕಿಗೆ ಬಾ ಎಂಬಂತೆ ಕೈ ಮಾಡಿದರು. ಸಪ್ಲೈಯರ್ ಹತ್ತಿರದಲ್ಲಿ ಹಾದುಹೋಗುವಾಗ, “ಇಲ್ಲಿ ಇನ್ನೊಂದು ಲೋಟ ನೀರಿಡಪ್ಪ,” ಅಂದರು.

ಯಾರಿಗೆ ಎಂದು ಕೂಡ ಕೇಳದೆ ಅವನು ತಂದು ಕುಕ್ಕಿದ.