ಉತ್ತರದ ಬಾಗಿಲು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ೧೯೯೯ರ ಡಿಸೆಂಬರಿನ ಒಂದು ಭಾನುವಾರ. ಹಳೇಬೀಡು ದೇವಸ್ಥಾನದ ಹೊರಗೋಡೆಯ ಮುಂದೆ ಗೈಡ್ ನಂಜುಂಡಯ್ಯ ಗೋವರ್ಧನಗಿರಿ ಎತ್ತಿದ ಕೃಷ್ಣನತ್ತ ಕೋಲು ಚಾಚಿ, "ನೋಡಿ ಸ್ವಾಮಿ, ಕೈಲಾಸ ಎತ್ತುತ್ತಿರೋ ರಾವಣ. ಹತ್ತು ತಲೆ, ಇಪ್ಪತ್ತು ಕೈ" ಎಂದರು.

ತುಮಕೂರಿನಿಂದ ಬಂದಿದ್ದ ಹದಿನಾಲ್ಕು ಜನ ಗೋಡೆ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

"ರಾವಣ ಯಾವಾಗ್ರೀ ದನ ಕಾಯಾಕೆ ಹೋದ?" ಎಂದಳು ಒಬ್ಬಾಕೆ. ಎಲ್ಲರೂ ನಕ್ಕರು. "ಯಜಮಾನ್ರು ಬೆಳಿಗ್ಗೇನೇ ಹಾಕ್ಕೊಂಡು ಬಂದಂಗೈತೆ" ಎಂದಿತು ಹಿಂದಿನಿಂದ ಒಂದು ದನಿ.

ಪಕ್ಕದ ಗುಂಪಿನ ಜೊತೆಯಿದ್ದ ಇಂದುಧರನಿಗೆ ಅದು ಕೇಳಿಸಿತು. ಅವನೂ ಗೈಡ್, ನಂಜುಂಡಯ್ಯನವರ ಮಗ. ಕೆಲವು ತಿಂಗಳಿಂದ ಅವನದೂ ಅದೇ ಅನುಮಾನ. ಅಪ್ಪ ಕಾಫಿ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟು ಬೀಳಿಸುತ್ತಿದ್ದರು, ಮೆಟ್ಟಿಲಿಳಿಯುವಾಗ ಕಾಲಿನಿಂದ ತಡಕುತ್ತಿದ್ದರು. ಮರೆವು ಅನ್ನೋಣವೆಂದರೆ ಒಂದು ಹೆಸರು, ಒಂದು ಇಸವಿ ತಪ್ಪುತ್ತಿರಲಿಲ್ಲ. ಕಣ್ಣು ಸರಿಯಿದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಉಳಿದದ್ದು ಕುಡಿತ ಒಂದೇ.

ಬಂದವನೇ ಅಪ್ಪನ ಕೈಯಿಂದ ಕೋಲು ಕಿತ್ತುಕೊಂಡ. "ಎಲ್ಲಿ, ಬಾಯಿ ಬಿಡಿ."

"ಏನೋ ಇದು, ಜನ ಅವ್ರೆ..."

"ಜನರ ಎದುರಿಗೇ ಬಿಡಿ, ಅಪ್ಪಾಜಿ. ಮರ್ಯಾದೆ ಕಳೆದಿದ್ದೂ ಇವರ ಎದುರಿಗೇ ತಾನೆ?"

ಮೂವತ್ತೊಂದು ವರ್ಷ ಆ ಗೋಡೆಯ ಮುಂದೆ ಮಾತಾಡಿದ್ದ ನಂಜುಂಡಯ್ಯ ಬಾಯಿ ತೆರೆದರು. ಇಂದುಧರ ಮೂಗನ್ನು ಹತ್ತಿರಕ್ಕೆ ಒಯ್ದ. ಕಾಫಿಯ ವಾಸನೆಯಿತ್ತು, ಹಣೆಯ ವಿಭೂತಿಯ ವಾಸನೆಯಿತ್ತು. ಬೇರೇನೂ ಇರಲಿಲ್ಲ. ಈ ಸಲ ಯಾರೂ ನಗಲಿಲ್ಲ.

ಎರಡೂ ಗುಂಪಿಗೆ ಅವನೇ ಗೋಡೆ ತೋರಿಸಿ ಮುಗಿಸಿ ಬಂದಾಗ, ಅಪ್ಪ ಚಪ್ಪಲಿ ಬಿಡುವ ಜಾಗದಲ್ಲಿ ಒಂದೊಂದೇ ಜೋಡಿಗೆ ಕಾಲು ತೂರಿಸಿ ನೋಡುತ್ತಿದ್ದರು.

"ನಿಮ್ಮವು ಎದುರಿಗೇ ಇವೆಯಲ್ಲ?"

"ಕಾಣ್ತವೆ ಕಣೋ. ಯಾವುದು ಏನು ಅಂತ ಗೊತ್ತಾಗಲ್ಲ." ಅವರು ದನಿ ತಗ್ಗಿಸಿದರು. "ಗೋಡೇನೂ ಹಂಗೇ. ಯುಗಾದಿಯಿಂದ ಬರೀ ಉಬ್ಬು, ತಗ್ಗು. ಉತ್ತರದ ಬಾಗಿಲಿಂದ ಹೆಜ್ಜೆ ಎಣಿಸ್ಕೊಂಡು ಹೋಗಿ ನಿಂತ್ಕೊತಿದ್ದೆ. ರಾವಣಂಗೆ ಎಪ್ಪತ್ತೆರಡು. ಇವತ್ತು ಆ ಕಡೆ ರಶ್ಶು, ದಕ್ಷಿಣದಿಂದ ಶುರು ಮಾಡಿ ಅಂತ ನೀನೇ ಕಳಿಸ್ದೆ."

"ಆಗಲೇ ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ನಿಂಗೆ ಈ ಗೋಡೆ ಕಲಿಸಿದೋನೇ ನಾನು."

ಬುಧವಾರ ಇಂದುಧರ ಅಪ್ಪನನ್ನು ಕರೆದೊಯ್ದಾಗ, ಹಾಸನದ ನರರೋಗದ ಡಾಕ್ಟರು ಒಂದು ಬೀಗದ ಕೈ ಎತ್ತಿ ಹಿಡಿದು, ಏನಿದು ಎಂದು ಕೇಳಿದರು. ನಂಜುಂಡಯ್ಯ ಮುಟ್ಟಿ ನೋಡಲು ಕೈ ಚಾಚಿದರು. ಅಂಗೈಯಲ್ಲಿ ಇಟ್ಟ ಕೂಡಲೇ ಹೆಸರು ಹೇಳಿದರು. ಇದೂ ಡಿಮೆನ್ಷಿಯಾ ಎಂಬ ಮರೆವಿನ ರೋಗವೇ, ನೆನಪಿಗಿಂತ ಮೊದಲು ಕಂಡದ್ದನ್ನು ಗುರುತಿಸುವ ಶಕ್ತಿಯನ್ನು ಕಸಿಯುವ ಅಪರೂಪದ ಬಗೆ ಎಂದ ಡಾಕ್ಟರು, "ಮನೆಯಲ್ಲಿ ಮೊದಲು ಯಾರ ಗಮನಕ್ಕೆ ಬಂತು?" ಎಂದರು.



"ನನ್ನ ಮಗನೇ ಕಂಡುಹಿಡಿದಿದ್ದು ಸಾರ್" ಎಂದರು ನಂಜುಂಡಯ್ಯ.

ಗುರುವಾರ ಬೆಳಿಗ್ಗೆ, ಜನ ಬರುವ ಮೊದಲು, ಇಂದುಧರ ಉತ್ತರದ ಬಾಗಿಲಿನಿಂದ ಅಪ್ಪನ ಹಾಗೆ ಗಿಡ್ಡ ಹೆಜ್ಜೆ ಇಟ್ಟು ಎಣಿಸುತ್ತ ನಡೆದ. ಎಪ್ಪತ್ತೆರಡಕ್ಕೆ ನಿಂತು ತಲೆಯೆತ್ತಿದ. ಎದುರಿಗೆ ರಾವಣನಿದ್ದ.