ಹೊಸ ಗಾಡಿಯ ಮೆತ್ತನೆ ಬ್ರೇಕು

ಬ್ರೇಕ್ ಪೆಡಲ್ ಮೇಲಿಟ್ಟ ಕಾಲು ನಾದಿದ ಹಿಟ್ಟು ತುಳಿದ ಹಾಗೆ ಮೆತ್ತಗೆ ನೆಲದವರೆಗೂ ಇಳಿಯಿತು. ತಮ್ಮ ಎಂಜಿನ್ ಆರಿಸಿ ಕೆಳಗೆ ಜಿಗಿದ. ಪಿಕಪ್ ಇನ್ನೂ ಅಂಗಳದಿಂದ ಒಂದಡಿಯೂ ಕದಲಿರಲಿಲ್ಲ. ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದ ಹೊಸ ಗಾಡಿ. ನಿನ್ನೆ ಸಂಜೆ ಇದೇ ಪೆಡಲ್ ಕಲ್ಲಿನ ಹಾಗಿತ್ತು.

ಯಾರೋ ಕೈಯಾಡಿಸಿದ್ದಾರೆ. ಯಾರೋ ಏನು ಬಂತು, ಈ ಮನೆಯಲ್ಲಿ ಮೆಕ್ಯಾನಿಕ್ ಇರುವುದೇ ಒಬ್ಬ, ಅಣ್ಣ. ಆ ಮಹಾನುಭಾವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಆಗಲೇ ಓದಿ ಮುಗಿಸಿದ ಪೇಪರನ್ನು ಮತ್ತೆ ಮೊದಲಿನಿಂದ ಓದುತ್ತಿದ್ದ. ಬೆಳಗ್ಗೆ ಗಾಡಿಯ ಕೀ ಮಾಯವಾಗಿದ್ದು ಯಾಕೆಂದು ತಮ್ಮನಿಗೆ ಈಗ ಅರ್ಥವಾಯಿತು. ಮನೆಯೆಲ್ಲ ಜಾಲಾಡಿದ ಮೇಲೆ ಅತ್ತಿಗೆಯೇ ಅದನ್ನು ಅಂಗಿ ಗುಂಡಿಗಳ ಡಬ್ಬಿಯಲ್ಲಿ ಹುಡುಕಿ ಕೊಟ್ಟಿದ್ದಳು. ಕೊಡುವಾಗ, "ಭಾರ ಬೇರೆ ಹೇರಿದೀಯ. ಕದಲಿಸೋ ಮುಂಚೆ ಒಂದ್ಸಲ ಬ್ರೇಕ್ ತುಳಿದು ನೋಡಪ್ಪ" ಎಂದಿದ್ದಳು. ತಾಯಿಯಿಲ್ಲದ ಮೈದುನನನ್ನು ಸಾಕಿ ಬೆಳೆಸಿದ ಜೀವ, ಹೆದರಿಕೆ ಇರುವುದೇ.

ಅಣ್ಣ ತಮ್ಮ ಸೇರಿ ಜನರ ಮನೆ ಸಾಮಾನು ಸಾಗಿಸುವ ಕೆಲಸ ಮಾಡುತ್ತಿದ್ದರು. ಹಳೆಯದೊಂದು ವ್ಯಾನು, ರಿಪೇರಿ ಅಣ್ಣನದು, ಓಡಾಟ ತಮ್ಮನದು. ಒಂದು ದಿನ ತಮ್ಮ ಅಣ್ಣನನ್ನು ಒಂದು ಮಾತೂ ಕೇಳದೆ ಈ ಪಿಕಪ್ ತಂದು ನಿಲ್ಲಿಸಿದ. "ಇನ್ನು ನಿನ್ನ ದಾರಿ ನಿಂದು" ಎಂದ ಅಣ್ಣ. "ಆಯ್ತು" ಎಂದ ತಮ್ಮ. ಅಂದಿನಿಂದ ಇಬ್ಬರ ಮಾತೂ ಅತ್ತಿಗೆಯ ಕೈಯಲ್ಲಿ ಟಪಾಲಿನ ಹಾಗೆ ಹೋಗಿ ಬರುತ್ತಿತ್ತು. ಈಗ ಪಿಕಪ್ಪಿನ ಬೆನ್ನೇರಿ ತಮ್ಮನ ಮಂಚ, ಪೆಟ್ಟಿಗೆ, ಟೇಬಲ್ ಫ್ಯಾನು ಕೂತಿದ್ದವು. ಬೇರೆ ಊರು, ಬೇರೆ ಮನೆ, ಬೇರೆ ವ್ಯಾಪಾರ. ಗಾಡಿ ಗೇಟು ದಾಟಿದರೆ ಈ ಮನೆ ಎರಡಾದಂತೆಯೇ ಎಂದು ಮೂವರಿಗೂ ಗೊತ್ತಿತ್ತು.

"ಅತ್ತಿಗೆ, ಬ್ರೇಕಿಗೆ ಕೈ ಹಾಕಿದ್ದು ಯಾರು ಅಂತ ಕೇಳಿ ಅವನನ್ನ."

"ನೀನೇ ಕೇಳು. ಮಂಡಿ ಹಿಡ್ಕೊಂಡಿದೆ, ಅಲ್ಲಿಗೂ ಇಲ್ಲಿಗೂ ಓಡಾಡಕ್ಕೆ ನನ್ನ ಕೈಲಾಗಲ್ಲ."

"ಹಾಗಾದ್ರೆ ಶೋರೂಮಿಗೆ ಫೋನ್ ಮಾಡ್ತೀನಿ."

"ಇವತ್ತು ಭಾನುವಾರ ಕಣೋ."

ಅಣ್ಣ ಪೇಪರ್ ಮಡಚಿದ. ಎದ್ದು ಬಂದು ಪೆಡಲ್ ತುಳಿದು ನೋಡಿದ. "ಬ್ರೇಕ್ ಎಣ್ಣೆಯಲ್ಲಿ ಗಾಳಿ ಸೇರ್ಕೊಂಡಿದೆ" ಎಂದು ಸ್ಟೀರಿಂಗಿಗೆ ಹೇಳಿದ. ರಿಪೇರಿ ಸಾಮಾನಿನ ಚೀಲ ತಂದು, ಹೆಂಡತಿಯ ಕಡೆ ತಿರುಗಿ "ಬಾ, ಪೆಡಲ್ ಒತ್ತು" ಎಂದ. ಮದುವೆಯಾದಾಗಿನಿಂದ ಹಳೇ ವ್ಯಾನಿನ ಪೆಡಲ್ ಒತ್ತಿದವಳು ಅವಳೇ.

"ಮಂಡಿ ಅಂದ್ನಲ್ರೀ!"

ಈ ಬ್ರೇಕಿನ ವ್ಯವಹಾರವೇ ಹಾಗೆ. ಗಾಳಿ ತುಂಬಲು ಒಬ್ಬರು ಸಾಕು, ತೆಗೆಯಲು ಇಬ್ಬರು ಬೇಕು. ಒಬ್ಬ ಪೆಡಲ್ ಒತ್ತಿ ಹಿಡಿದಿರಬೇಕು, ಇನ್ನೊಬ್ಬ ಚಕ್ರದ ಹಿಂದಿನ ಪುಟ್ಟ ನಟ್ಟು ಸಡಿಲಿಸಿ ಎಣ್ಣೆಯ ಜೊತೆ ಗುಳ್ಳೆಗಳನ್ನು ಹೊರಗೆ ಬಿಡಬೇಕು. ನಟ್ಟು ಬಿಗಿಯಾಗುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಮುಖ ಊದಿಸಿಕೊಂಡು ಮಾಡುವ ಕೆಲಸವಲ್ಲ ಅದು. ತಮ್ಮ ಗೊಣಗುತ್ತಲೇ ಸೀಟು ಹತ್ತಿದ. ಅಣ್ಣ ಹಿಂದಿನ ಎಡ ಚಕ್ರದ ಬಳಿ ಗಾಡಿಯ ಕೆಳಗೆ ನುಸುಳಿದ.

"ಒತ್ತು."

"ಒತ್ತಿದೀನಿ."

"ಹಿಡ್ಕೋ. ನಾನು ಹೇಳೋವರೆಗೂ ಬಿಡಬೇಡ."

"ನಾನೆಲ್ಲಿ ಬಿಟ್ಟೆ? ನಿನ್ನ ದಾರಿ ನಿಂದು ಅಂದಿದ್ದು ನೀನು."

ಗಾಡಿಯ ಕೆಳಗೆ ಸ್ಪ್ಯಾನರ್ ಕಿರ್ರೆಂದು ತಿರುಗಿತು. ಆಮೇಲೆ, "ಒಂದು ಮಾತು ಕೇಳಬಹುದಿತ್ತಲ್ಲೋ" ಎಂಬ ದನಿ ಬಂತು. "ಹ್ಞೂಂ. ಈಗ ಬಿಡು. ಮತ್ತೆ ಒತ್ತು."

ನಟ್ಟಿಗೆ ಸಿಕ್ಕಿಸಿದ ಕೊಳವೆಯಲ್ಲಿ ಗುಳ್ಳೆಗಳು ಬುಳುಬುಳು ಬಂದವು. ಆ ನಟ್ಟಿನ ಮೇಲಿರಬೇಕಾದ ಪುಟ್ಟ ರಬ್ಬರ್ ಟೋಪಿ ಮಾತ್ರ ಕಾಣಲಿಲ್ಲ. ಉಳಿದ ಮೂರು ಚಕ್ರಗಳಲ್ಲಿ ಟೋಪಿ ಇತ್ತು, ಗುಳ್ಳೆಯೇ ಇರಲಿಲ್ಲ. ಅಣ್ಣ ಮಲಗಿದ್ದಲ್ಲೇ ಮೀಸೆಯಡಿ ನಕ್ಕ. ಕಳ್ಳ! ಹೋಗಲು ಮನಸ್ಸಿಲ್ಲ, ನಿಲ್ಲುತ್ತೇನೆ ಎನ್ನಲು ಬಾಯಿಲ್ಲ. ತಾನೇ ಗಾಳಿ ಸೇರಿಸಿ, ಟೋಪಿ ಕಳೆದು, ಈಗ ನನ್ನ ಮೇಲೆ ಹಾರಾಡುತ್ತಾನೆ. ಬೇಕೆಂದೇ ನಾಲ್ಕು ಚಕ್ರವನ್ನೂ ನಿಧಾನವಾಗಿ ಮುಗಿಸಿದ.

ತಮ್ಮನೂ ಕಣ್ಣು ಮುಚ್ಚಿ ಕೂತಿರಲಿಲ್ಲ. ಸಾಮಾನಿನ ಚೀಲದಲ್ಲಿ ಉಳಿದದ್ದೆಲ್ಲ ಜಿಡ್ಡು ಹಿಡಿದು ಬಿದ್ದಿದ್ದರೆ, ನಟ್ಟು ಬಿಚ್ಚುವ ಸ್ಪ್ಯಾನರ್ ಒಂದೇ ಒರೆಸಿಟ್ಟಂತೆ ಫಳಫಳ ಹೊಳೆಯುತ್ತಿದ್ದುದನ್ನು ಅವನು ಆಗಲೇ ನೋಡಿದ್ದ. ಜನ್ಮದಲ್ಲಿ ಒಂದು ಸ್ಪ್ಯಾನರ್ ಒರೆಸದ ಅಣ್ಣ, ಸಾಕ್ಷಿ ಮುಚ್ಚಲು ಒರೆಸಿದ್ದಾನೆ! ನನ್ನನ್ನು ಕಳಿಸಲಾರದೆ ಇಷ್ಟೆಲ್ಲ. ಹೊಟ್ಟೆಯಲ್ಲಿದ್ದ ಸಿಟ್ಟು ಕರಗಿ ಅಣ್ಣನ ಮೇಲೆ ಪ್ರೀತಿ ಉಕ್ಕಿತು. ಪಾಪ, ಮಾನ ಯಾಕೆ ತೆಗೆಯುವುದು ಎಂದು ಸುಮ್ಮನಾದ. ಕೆಳಗಿದ್ದವನೂ ಅದನ್ನೇ ಅಂದುಕೊಂಡು ಸುಮ್ಮನಾಗಿದ್ದ.

ಪೆಡಲ್ ಮತ್ತೆ ಕಲ್ಲಾಯಿತು.

"ಓಡಿಸಿ ನೋಡ್ಬೇಕು. ಆದ್ರೆ ಇಷ್ಟು ಭಾರ ಇಟ್ಕೊಂಡು ಬೇಡ" ಎಂದ ಅಣ್ಣ, ಆಕಾಶ ನೋಡುತ್ತ.

"ಇಳಿಸಿಬಿಡೋಣ" ಎಂದ ತಮ್ಮ, ನೆಲ ನೋಡುತ್ತ.

ಮಂಚ, ಪೆಟ್ಟಿಗೆ, ಫ್ಯಾನು ಮತ್ತೆ ಮಹಡಿಯ ಕೋಣೆ ಸೇರಿದವು. ಮಂಚ ಹೊರುವಾಗ ಅಣ್ಣನ ಅಂಗಿಯ ಗುಂಡಿಯೊಂದು ಕಿತ್ತು ಹೋಯಿತು. "ಬೇರೆ ಅಂಗಿ ಹಾಕ್ಕೊಳ್ರೀ, ಇದನ್ನ ಇಲ್ಲಿ ಕೊಡಿ" ಎಂದು ಅತ್ತಿಗೆ ಕೈ ಚಾಚಿದಳು.

"ಇನ್ಮೇಲೆ ಎರಡು ಗಾಡಿ ಓಡಿಸೋಣ, ಅಲ್ವಾ ಅಣ್ಣ?"

"ಮೊದಲು ಇದನ್ನ ನಿಲ್ಲಿಸೋದು ಕಲಿ" ಎಂದ ಅಣ್ಣ, ಪಕ್ಕದ ಸೀಟು ಹತ್ತಿ. ಅಂಗಳದಲ್ಲೇ ಎರಡು ಸುತ್ತು ಹಾಕಿ, ಬ್ರೇಕ್ ತುಳಿದು ತುಳಿದು ನೋಡಿ, ಇಬ್ಬರೂ ಜೋರಾಗಿ ಜಗಳವಾಡುತ್ತ ಗೇಟು ದಾಟಿದರು. ಅತ್ತಿಗೆಗೆ ಆ ಜಗಳ ಕೇಳಿ ಕಣ್ಣು ತುಂಬಿ ಬಂತು.

ಪಿಕಪ್ ರಸ್ತೆಯ ತಿರುವು ದಾಟುವುದನ್ನು ನೋಡಿ, ಆಕೆ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋಗಿ ಗುಂಡಿ ಡಬ್ಬಿ ತೆರೆದಳು, ಬಿಳಿ ಗುಂಡಿಗಳ ನಡುವೆ ಕೂತಿದ್ದ ಪುಟ್ಟ ಕಪ್ಪು ರಬ್ಬರ್ ಟೋಪಿಯನ್ನು ಆರಿಸಿ ತೆಗೆದು ಕಿಟಕಿಯಾಚೆ ಎಸೆದಳು.