ಬೋರ್ಡಿನ ಕೆಳಗಿನ ಫೋಟೋ

ಬಿಸಿಲಿಗೆ ಕಾದ ಬಾಟಲಿ ನೀರಿನ ಪ್ಲಾಸ್ಟಿಕ್ ವಾಸನೆ ಬಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಚಿಕ್ಕಂದಿನ ಒಂದು ಬೇಸಿಗೆಯಲ್ಲಿ, ಅಮೆರಿಕದಲ್ಲಿ ನಾವಿದ್ದ ಸ್ಯಾನ್ ಹೊಸೆಯಿಂದ ಇಡೀ ದಿನ ಕಾರು ಓಡಿಸಿ ಅಪ್ಪ ನಮ್ಮನ್ನು ಮರುಭೂಮಿಯ ಕಣಿವೆಗೆ ಕರೆತಂದಿದ್ದರು. ನಡೆದದ್ದು ಮಕ್ಕಳು, ಮುದುಕರು ನಡೆಯುವ ಸಪಾಟು ದಾರಿ. ಕೆಂಪು ಧೂಳಿನಲ್ಲಿ ನಾನು ಎಲ್ಲೂ ಎತ್ತಿಕೋ ಎನ್ನದೆ ನಡೆದಿದ್ದೆ. ವಾಪಸು ಬಂದದ್ದೇ ನಮ್ಮ ಮಹಾ ಪರ್ವತಾರೋಹಿ ಅಪ್ಪ ನನ್ನನ್ನು 'ಅತಿ ಕಠಿಣ ದಾರಿ' ಎಂಬ ಬೋರ್ಡಿನ ಕೆಳಗೆ ಫೋಟೋಗೆ ನಿಲ್ಲಿಸಿದರು.

"ಇದನ್ನೇ ಹತ್ತಿದ್ವಿ ಅಂತ ಹೇಳ್ಬೇಕು, ಆಯ್ತಾ? ನಮ್ಮ ಆಫೀಸಲ್ಲಿ ಎಲ್ರೂ ಹತ್ತಿದ್ದಾರೆ."

"ಬಟ್ ವಿ ಡಿಡಂಟ್," ಎಂದೆ.

"ಮಗು ಕೈಲಿ ಸುಳ್ಳು ಹೇಳಿಸ್ತೀರಲ್ರೀ, ನಾಚಿಕೆ ಆಗಲ್ವಾ?" ಎಂದಳು ಅಮ್ಮ.

ಅಪ್ಪನಿಗೆ ಆಗಲಿಲ್ಲ. ನನ್ನ ಹಣೆಯ ಮೇಲೆ ಧೂಳಿನೊಂದಿಗೆ ಕಲೆತಿದ್ದ ಬೆವರನ್ನು ಕರ್ಚೀಫಿನಿಂದ ನೀಟಾಗಿ ಒರೆಸಿದರು. ಆಮೇಲೆ ಅಲ್ಲಿಗೇ ಬಾಟಲಿ ನೀರು ಚಿಮುಕಿಸಿ, "ಹ್ಞಾಂ, ಈಗ ಬೆವರಿದ ಹಾಗೆ ಕಾಣ್ತೀಯ" ಎಂದರು.